ಮೀಸಲು ಕ್ಷೇತ್ರದಲ್ಲಿ ನನ್ನ ಮತ

ಪುಣೆ ಜಿಲ್ಲೆಯಲ್ಲಿ ಒಟ್ಟು 21 ವಿಧಾನಸಭಾ ಕ್ಷೇತ್ರಗಳಿವೆ. ಅವುಗಳಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದವು ಎರಡು. ಒಂದು ಪುಣೆ ಕಂಟೋನ್ಮೆಂಟ್, ಇನ್ನೊಂದು ಪಿಂಪ್ರಿ. 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆ ಆಗುವ ಮುಂಚೆ ನಗರದ ಮೀಸಲು ಕ್ಷೇತ್ರ ಪರ್ವತಿಯಾಗಿತ್ತು. ಗೆರೆ ಬದಲಾಯಿತು, ಪರ್ವತಿ ಸಾಮಾನ್ಯ ಕ್ಷೇತ್ರವಾಯಿತು, ಕಂಟೋನ್ಮೆಂಟಿಗೆ ಮೀಸಲಾತಿ ಬಂತು.

ನಾನು ಈ ಕಂಟೋನ್ಮೆಂಟ್ ಕ್ಷೇತ್ರದ ಮತದಾರ. ಬ್ಯಾಂಕಿನ ವರ್ಗಾವಣೆ ನನ್ನನ್ನು ಇಲ್ಲಿ ತಂದು ಬಿಟ್ಟಿತು, ನಿವೃತ್ತಿ ಇಲ್ಲೇ ಉಳಿಸಿತು. ನಾನು ದಲಿತನಲ್ಲ, ಈ ಊರಿನವನೂ ಅಲ್ಲ. ಆದರೆ ಇಲ್ಲಿಯ ದಲಿತರ ಪರವಾಗಿ ಮುಂಬೈ ವಿಧಾನಭವನದಲ್ಲಿ ಯಾರು ಕೂರಬೇಕು ಅನ್ನುವುದನ್ನು ತೀರ್ಮಾನಿಸುವವರಲ್ಲಿ ನಾನೂ ಒಬ್ಬ. ನಮ್ಮ ಸೊಸೈಟಿಯಲ್ಲಿ ಚುನಾವಣೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ನಮ್ಮ ಸೀಟು ಅವರಿಗೆ ಹೋಯ್ತು ನೋಡ್ರಿ." ನಿಜವಾಗಿ ಹೋಗಿದೆಯೆ? ನಿಲ್ಲುವ ಹಕ್ಕು ನಮಗಿಲ್ಲ, ಸರಿ. ನಿಲ್ಲಿಸುವ ಹಕ್ಕು? ಅದು ಪೂರ್ತಿ ನಮ್ಮ ಕೈಯಲ್ಲೇ ಇದೆ. ಈ ಹಕ್ಕನ್ನು ಹೇಗೆ ಬಳಸಿದರೆ ಅದು ನ್ಯಾಯ ಅನ್ನುವುದೇ ನನ್ನ ಪ್ರಶ್ನೆ.

ಈ ಪ್ರಶ್ನೆಯ ಹುಟ್ಟೂರೂ ಪುಣೆಯೇ. ನಮ್ಮಲ್ಲಿಂದ ರಿಕ್ಷಾದಲ್ಲಿ ಹೋಗಿಬರುವಷ್ಟು ದೂರದಲ್ಲಿ ಯೆರವಡಾ ಸೆಂಟ್ರಲ್ ಜೈಲಿದೆ. 1932ರ ಆಗಸ್ಟ್ 16ರಂದು ಬ್ರಿಟಿಷ್ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಕೋಮುವಾರು ತೀರ್ಪನ್ನು ಪ್ರಕಟಿಸಿದರು. ಅದರ ಪ್ರಕಾರ ಅಸ್ಪೃಶ್ಯರಿಗೆ ಎರಡು ಮತ. ತಮ್ಮವರೇ ಸೇರಿ ತಮ್ಮ ಪ್ರತಿನಿಧಿಯನ್ನು ಆರಿಸಲು ಒಂದು, ಎಲ್ಲರೊಂದಿಗೆ ಸಾಮಾನ್ಯ ಕ್ಷೇತ್ರದಲ್ಲಿ ಹಾಕಲು ಇನ್ನೊಂದು. ಇದು ಹಿಂದೂ ಸಮಾಜವನ್ನು ಒಡೆಯುತ್ತದೆ ಎಂದು ಗಾಂಧೀಜಿ ಯೆರವಡಾ ಜೈಲಿನೊಳಗೆ ಸೆಪ್ಟೆಂಬರ್ 20ರಂದು ಆಮರಣ ಉಪವಾಸ ಹೂಡಿದರು. ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 24ರಂದು, ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಒಂದು ಕಡೆ ಅಂಬೇಡ್ಕರ್, ಇನ್ನೊಂದು ಕಡೆ ಮದನಮೋಹನ ಮಾಳವೀಯ ಮೊದಲಾದವರು.

ಲೆಕ್ಕದಲ್ಲಿ ನೋಡಿದರೆ ಒಪ್ಪಂದ ಉದಾರವಾಗಿಯೇ ಇತ್ತು. ಪ್ರಾಂತೀಯ ಶಾಸನಸಭೆಗಳಲ್ಲಿ 148 ಸ್ಥಾನ ಮೀಸಲಾದವು, ತೀರ್ಪಿನಲ್ಲಿ ಇದ್ದುದಕ್ಕಿಂತ ಎಷ್ಟೋ ಹೆಚ್ಚು. ಬದಲಿಗೆ ಪ್ರತ್ಯೇಕ ಮತ ಹೋಯಿತು. ಅದರ ಜಾಗಕ್ಕೆ ಎರಡು ಹಂತದ ಏರ್ಪಾಡು ಬಂತು. ಮೊದಲು ಅಸ್ಪೃಶ್ಯ ಮತದಾರರು ಪ್ರತಿ ಸ್ಥಾನಕ್ಕೆ ನಾಲ್ಕು ಜನರ ಪಟ್ಟಿಯನ್ನು ಆರಿಸಬೇಕು, ಆಮೇಲೆ ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಜಾತಿಯವರೂ ಸೇರಿ ಆರಿಸಬೇಕು. ಈ ಮೊದಲ ಹಂತಕ್ಕೂ ಹತ್ತು ವರ್ಷದ ಅವಧಿ. ಮುಂದೆ ಸಂವಿಧಾನದಲ್ಲಿ ಅದು ಉಳಿಯಲೇ ಇಲ್ಲ. ಸ್ಥಾನ ಮೀಸಲು, ಮತ ಎಲ್ಲರದು ಎಂಬಷ್ಟೇ ಉಳಿಯಿತು.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಒಂದು, ಚೆಕ್ಕಿಗೆ ಸಹಿ ಮಾಡುವ ಅಧಿಕಾರ ಯಾರಿಗಿದೆ ಎಂಬುದು ಇನ್ನೊಂದು. ಪಾಸ್‌ಬುಕ್ಕಿನ ಮೇಲೆ ಹೆಸರಿದ್ದ ಮಾತ್ರಕ್ಕೆ ದುಡ್ಡು ಕೈಗೆ ಬರುವುದಿಲ್ಲ. ಇನ್ನೂ ಹತ್ತಿರದ ಉದಾಹರಣೆ ಹೇಳುತ್ತೇನೆ. ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ 1970ರ ಯೋಜನೆಯಲ್ಲಿ ನೌಕರರ ಪರವಾಗಿ ಒಬ್ಬ ನಿರ್ದೇಶಕನನ್ನು ಆಡಳಿತ ಮಂಡಳಿಗೆ ತೆಗೆದುಕೊಳ್ಳುವ ನಿಯಮವಿತ್ತು. ಯೂನಿಯನ್ ಮೂರು ಹೆಸರು ಕೊಡಬೇಕು, ಅವುಗಳಲ್ಲಿ ಒಂದನ್ನು ಕೇಂದ್ರ ಸರ್ಕಾರ ಆರಿಸಬೇಕು. ಯಾರನ್ನೇ ಆರಿಸಿದರೂ ಅವನು ನೌಕರರು ಒಪ್ಪಿ ಕಳಿಸಿದವನೇ ಆಗಿರುತ್ತಾನೆ. ಯೂನಿಯನ್ನಿನ ಪಟ್ಟಿಯನ್ನು ತೆಗೆದುಹಾಕಿ "ನೌಕರ ಯಾರಾದರೂ ಆದೀತು, ನಾವೇ ಆರಿಸ್ತೇವೆ" ಎಂದು ಸರ್ಕಾರ ಹೇಳಿದ್ದರೆ ನಾವು ಸುಮ್ಮನಿರುತ್ತಿದ್ದೆವೆ? ಗೇಟಿನ ಮುಂದೆ ಘೋಷಣೆ ಕೂಗುತ್ತಿದ್ದೆವು. ನಾಲ್ಕು ಹೆಸರಿನ ಪಟ್ಟಿ ಹೋದಾಗ ದಲಿತರಿಗೆ ಆದದ್ದು ಅದೇ.

ಅಂಬೇಡ್ಕರ್ ಇದನ್ನು ಬೇಗ ಕಂಡರು. 1946ರ ಚುನಾವಣೆಯಲ್ಲಿ ಅವರ ಪರಿಶಿಷ್ಟ ಜಾತಿ ಫೆಡರೇಷನ್ ನೆಲಕಚ್ಚಿತು. ಆ ಜುಲೈನಲ್ಲಿ ಫೆಡರೇಷನ್ನಿನ ಕಾರ್ಯಕರ್ತರು ಪೂನಾ ಒಪ್ಪಂದದ ವಿರುದ್ಧ ಇದೇ ಪುಣೆಯಲ್ಲಿ ಸತ್ಯಾಗ್ರಹ ಮಾಡಿದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಅಂಬೇಡ್ಕರ್ 1952ರಲ್ಲಿ ಉತ್ತರ ಮುಂಬೈಯಲ್ಲಿ ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್ ಎದುರು ಸೋತರು, 1954ರ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ಕಾಜ್ರೋಳ್ಕರರೂ ದಲಿತರೇ. ಅವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ, ಒಂದು ಸೋಲಿನಿಂದ ಎಲ್ಲವೂ ಸಿದ್ಧವಾಗುತ್ತದೆ ಅಂತಲೂ ಅಲ್ಲ. ಆದರೆ ಕೇರಿಯ ಮತ ಯಾರಿಗೆ ಬಿದ್ದರೂ ಕೊನೆಯ ತೀರ್ಮಾನ ಕೇರಿಯ ಹೊರಗಿನವರದು ಎಂಬುದಂತೂ ಸ್ಪಷ್ಟವಾಯಿತು.

ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದೇ ಕ್ಷೇತ್ರದಲ್ಲಿ ಒಂದು ಸಾಮಾನ್ಯ ಸ್ಥಾನ, ಒಂದು ಮೀಸಲು. 1957ರಲ್ಲಿ ಆಂಧ್ರದ ಪಾರ್ವತೀಪುರದಲ್ಲಿ ಒಂದು ಸಂಗತಿ ನಡೆಯಿತು. ಎರಡೂ ಸ್ಥಾನಗಳಿಗೆ ಪರಿಶಿಷ್ಟ ಪಂಗಡದವರೇ ಆರಿಸಿ ಬಂದರು, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ ಸೋತರು. ಅವರು ಕೋರ್ಟಿಗೆ ಹೋದರು. 1959ರಲ್ಲಿ ಸುಪ್ರೀಂ ಕೋರ್ಟು, ಹೆಚ್ಚು ಮತ ಬಿದ್ದವನು ಸಾಮಾನ್ಯ ಸ್ಥಾನಕ್ಕೂ ಆರಿಸಿ ಬರಬಹುದು ಎಂದಿತು. 1961ರಲ್ಲಿ ಕಾನೂನು ಬಂದು ದ್ವಿಸದಸ್ಯ ಕ್ಷೇತ್ರಗಳೇ ರದ್ದಾದವು. ಎರಡು ಮೀಸಲಾದಾಗ ಆದ ಗಾಬರಿ, ಎರಡು ಸಾಮಾನ್ಯವಾದಾಗ ಯಾರಿಗೂ ಆಗುವುದಿಲ್ಲ. ಇದನ್ನೂ ಗಮನಿಸಬೇಕು.

ಅಮೆರಿಕದ ಕರಿಯರ ಕಥೆ ಇದಕ್ಕೆ ತದ್ವಿರುದ್ಧ. ಅವರನ್ನು ಸಮಾಜ ಒಂದೊಂದು ಬಡಾವಣೆಗೆ ಕೂಡಿಹಾಕಿತ್ತು, ಹೀಗಾಗಿ ಗೆರೆ ಎಳೆದೇ ಅವರನ್ನು ಹೊರಗಿಡಬಹುದಿತ್ತು. ಅಲಬಾಮಾ ರಾಜ್ಯ 1957ರಲ್ಲಿ ಟಸ್ಕೀಗಿ ಎಂಬ ಊರಿನ ಚೌಕಾಕಾರದ ಎಲ್ಲೆಯನ್ನು 28 ಮೂಲೆಯ ಆಕೃತಿಯಾಗಿ ಬದಲಿಸಿತು. ಊರಿನ 400 ಕರಿಯ ಮತದಾರರಲ್ಲಿ ನಾಲ್ಕೈದು ಜನರನ್ನು ಬಿಟ್ಟು ಉಳಿದವರೆಲ್ಲ ಮನೆ ಬದಲಿಸದೆಯೇ ಊರ ಹೊರಗಾದರು, ಬಿಳಿಯರಲ್ಲಿ ಒಬ್ಬರೂ ಹೊರಬೀಳಲಿಲ್ಲ. 1960ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇದು ನಡೆಯದು ಎಂದಿತು. ನಮ್ಮಲ್ಲಿ ಅಂಥ ಕಸರತ್ತು ಬೇಕಾಗಲೇ ಇಲ್ಲ. ದಲಿತರು ಪ್ರತಿ ಊರಲ್ಲೂ ಇದ್ದಾರೆ, ಪ್ರತಿ ಊರಲ್ಲೂ ಅಂಚಿನಲ್ಲಿದ್ದಾರೆ. ಗೆರೆ ಹೇಗೆ ಎಳೆದರೂ ಅವರು ಅಲ್ಪಸಂಖ್ಯಾತರೇ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರು ಶೇಕಡಾ 17ರಷ್ಟು. 224ರಲ್ಲಿ 36 ಸ್ಥಾನ ಅವರಿಗೆ ಮೀಸಲು. ಆ ಕ್ಷೇತ್ರಗಳಲ್ಲೂ ಹೆಚ್ಚಿನ ಮತ ಬೇರೆಯವರದು.

ಹಾಗಾದರೆ ಪ್ರತ್ಯೇಕ ಮತವೇ ಸರಿಯಾಗಿತ್ತೆ? ಪರಊರಿನಲ್ಲಿ ಇರುವವನಾಗಿ ಇದನ್ನು ಇನ್ನೊಂದು ಬದಿಯಿಂದಲೂ ನೋಡುತ್ತೇನೆ. ಪುಣೆಯ ಕನ್ನಡಿಗರು ಇಡೀ ಶಹರದಲ್ಲಿ ಚದುರಿಹೋಗಿದ್ದೇವೆ. ನಮಗೊಂದು ಪ್ರತ್ಯೇಕ ಕನ್ನಡ ವಾರ್ಡು ಮಾಡಿಕೊಟ್ಟರೆ ಏನಾದೀತು? ನಮ್ಮವನೊಬ್ಬ ಪಾಲಿಕೆಯಲ್ಲಿ ಕೂರುತ್ತಾನೆ. ಆದರೆ ನಮ್ಮ ಓಣಿಯ ಮರಾಠಿ ನಗರಸೇವಕನಿಗೆ ನಮ್ಮ ಬಾಗಿಲಿಗೆ ಬರುವ ಕೆಲಸ ಉಳಿಯುವುದಿಲ್ಲ. "ನಿಮ್ಮ ಮನುಷ್ಯ ಇದ್ದಾನಲ್ಲ, ಅವನನ್ನೇ ಕೇಳಿ" ಎಂದುಬಿಡುತ್ತಾನೆ. ಗಾಂಧೀಜಿಯ ಭಯದಲ್ಲಿ ಇಷ್ಟು ಸತ್ಯವಿತ್ತು. ಮ್ಯಾಕ್‌ಡೊನಾಲ್ಡರ ಎರಡನೆಯ ಮತ ಇದಕ್ಕೂ ಉತ್ತರವಾಗಿತ್ತು ಎಂಬುದು ಮಾತ್ರ ನಾವು ಮರೆಯುವ ಸಂಗತಿ. ಆ ಮತಕ್ಕಾಗಿ ಮೇಲ್ಜಾತಿಯ ಅಭ್ಯರ್ಥಿಯೂ ಕೇರಿಗೆ ಹೋಗಬೇಕಾಗುತ್ತಿತ್ತು.

ಕನ್ನಡಿಗರ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಪುಣೆಯಲ್ಲಿ ನಮ್ಮನ್ನು ಯಾರೂ ಬಾವಿಯಿಂದ ದೂರ ನಿಲ್ಲಿಸಿಲ್ಲ. ಬೇಸರವಾದರೆ ರೈಲು ಹತ್ತಿ ಹೋಗಲು ನಮಗೊಂದು ನಾಡಿದೆ, ಅಲ್ಲಿ ನಾವೇ ಬಹುಸಂಖ್ಯಾತರು. ದಲಿತನಿಗೆ ಅಂಥ ನಾಡು ಈ ದೇಶದ ನಕಾಶೆಯಲ್ಲಿ ಎಲ್ಲೂ ಇಲ್ಲ. ಹುಟ್ಟಿದ ಊರಲ್ಲೇ ಅವನು ಪರಊರಿನವನು.

ಊರ ಕಡೆ ಈಗ ಕ್ಷೇತ್ರ ಪುನರ್ವಿಂಗಡಣೆ ಅಂದರೆ ಕರ್ನಾಟಕದ 28 ಲೋಕಸಭಾ ಸ್ಥಾನಗಳ ಪಾಲು ಎಷ್ಟಾದೀತು ಅನ್ನುವ ಚಿಂತೆ. ಜನಸಂಖ್ಯೆ ಹಿಡಿತದಲ್ಲಿಟ್ಟ ರಾಜ್ಯಕ್ಕೆ ಶಿಕ್ಷೆ ಯಾಕೆ ಎಂದು ಕೇಳುತ್ತೇವೆ. ನ್ಯಾಯವಾದ ಪ್ರಶ್ನೆಯೇ. ಆದರೆ ದೊಡ್ಡವರ ತಕ್ಕಡಿಯಲ್ಲಿ ನಮ್ಮ ಮಾತು ಹಗುರಾಗಬಾರದು ಎಂದು ದಿಲ್ಲಿಗೆ ಹೇಳುವವರು, ನಮ್ಮದೇ ಊರಿನ ಕೇರಿ ನಮಗೆ ಅದೇ ಮಾತು ಹೇಳಿದರೆ ಕೇಳಿಸಿಕೊಳ್ಳಬೇಕಲ್ಲವೆ? 2002ರ ಕಾನೂನು ಮೀಸಲು ಕ್ಷೇತ್ರಗಳು ದಲಿತರ ಪ್ರಮಾಣ ಹೆಚ್ಚಿರುವ ಕಡೆ ಇರಬೇಕು, ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಿರಬೇಕು ಎಂದಿತು. ಹಂಚುವಾಗ ಯಾವ ಕ್ಷೇತ್ರವನ್ನು ಬಿಟ್ಟರು, ಯಾವುದನ್ನು ಸೇರಿಸಿದರು ಎಂಬುದರಲ್ಲೂ ಅನ್ಯಾಯ ನುಸುಳಬಹುದು. ಮುಸ್ಲಿಮರು ಹೆಚ್ಚಿರುವ ಕೆಲವು ಕ್ಷೇತ್ರಗಳು ಪರಿಶಿಷ್ಟರಿಗೆ ಮೀಸಲಾಗಿವೆ ಎಂದು 2006ರಲ್ಲಿ ಸಾಚಾರ್ ಸಮಿತಿ ತೋರಿಸಿತು. ಒಬ್ಬ ಬಡವನ ತಟ್ಟೆಯಿಂದ ಇನ್ನೊಬ್ಬ ಬಡವನಿಗೆ ಬಡಿಸುವುದು ಅಂದರೆ ಇದೇ.

ಕಾನೂನು ಬದಲಾಗುವವರೆಗೆ ನನ್ನಂಥ ಮತದಾರ ಏನು ಮಾಡಬಹುದು? ಮೀಸಲು ಕ್ಷೇತ್ರದ ಮತ ನನ್ನ ಪಾಲಿಗೆ ಅರ್ಧ ನನ್ನದು, ಅರ್ಧ ಇಟ್ಟುಕೊಳ್ಳಲು ಕೊಟ್ಟ ಠೇವಣಿ. "ನಮಗೆ ತೊಂದರೆ ಕೊಡದ, ತಗ್ಗಿ ಬಗ್ಗಿ ನಡೆಯುವ ಮನುಷ್ಯ" ಎಂದು ಒಬ್ಬನನ್ನು ಆರಿಸಿದರೆ ಆ ಠೇವಣಿಯನ್ನು ನುಂಗಿದಂತೆ. ಪಕ್ಷ, ನೀತಿ ನೋಡಿ ಮತ ಹಾಕುವುದು ನನ್ನ ಹಕ್ಕು. ಅದರ ಜೊತೆಗೆ, ಈತ ಬಸ್ತಿಯ ಜನರ ನಡುವೆ ನಿಂತು ತಲೆಯೆತ್ತಿ ಮಾತಾಡಬಲ್ಲನೆ ಎಂದು ಕೇಳುವುದು ನನ್ನ ಕರ್ತವ್ಯ.

ಕೇಳಿ ತಿಳಿಯಲು ದಾರಿಯೂ ಇದೆ. ಎಣಿಕೆಯಾದ ಮೇಲೆ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬ ಪಟ್ಟಿಯನ್ನು, ಫಾರಂ 20 ಅನ್ನುತ್ತಾರೆ, ಚುನಾವಣಾ ಅಧಿಕಾರಿಗಳು ಪ್ರಕಟಿಸುತ್ತಾರೆ. ಲೆಡ್ಜರ್ ತಾಳೆ ನೋಡಿದ ಅಭ್ಯಾಸ ಇದ್ದವರಿಗೆ ಒಂದು ಸಂಜೆಯ ಕೆಲಸ. ಬಸ್ತಿಗಳ ಮತಗಟ್ಟೆ ಒಂದು ಕಡೆ, ನಮ್ಮಂಥ ಸೊಸೈಟಿಗಳ ಮತಗಟ್ಟೆ ಇನ್ನೊಂದು ಕಡೆ ಇಟ್ಟು ನೋಡಿ. ಗೆದ್ದವನು ಎರಡೂ ಕಡೆ ಬೇಕಾದವನಾದರೆ ಗಾಂಧೀಜಿಯ ಆಸೆ ಅಷ್ಟರಮಟ್ಟಿಗೆ ಫಲಿಸಿತು ಅನ್ನಬಹುದು. ಚುನಾವಣೆ ಮೇಲೆ ಚುನಾವಣೆ ಬಸ್ತಿಯಲ್ಲಿ ಸೋತವನೇ ನಮ್ಮ ಮತದಿಂದ ಗೆಲ್ಲುತ್ತಿದ್ದರೆ ಖಾತೆ ಅವರದು, ಸಹಿ ನಮ್ಮದು ಎಂದರ್ಥ. ಆಗ "ನಮ್ಮ ಸೀಟು ಹೋಯ್ತು" ಎಂದು ದೂರುವ ಹಕ್ಕು ಇರುವುದು ಬಸ್ತಿಯವರಿಗೆ, ನಮಗಲ್ಲ.