ಹೇಳಿಕೊಟ್ಟ ಕುಣಿತ

'ಟೈಮ್ ವಾರ್ಪ್' ಹಾಡಿಗೆ ಕುಣಿಯೋಕೆ ಮೊದಲೇ ಏನೂ ಗೊತ್ತಿರಬೇಕಿಲ್ಲ. ಯಾವ ಕಡೆ ಜಿಗಿಯಬೇಕು, ಕೈ ಎಲ್ಲಿಡಬೇಕು, ಮಂಡಿ ಹೇಗಿರಬೇಕು, ಎಲ್ಲ ಹಾಡಿನೊಳಗೇ ಇದೆ. ಸಾಲದು ಅಂತ ಸಿನಿಮಾದಲ್ಲಿ ಕಥೆ ಹೇಳುವ ಸೂಟುಬೂಟಿನ ಮನುಷ್ಯ ಹೆಜ್ಜೆಗಳ ಚಾರ್ಟ್ ಬೇರೆ ತೋರಿಸುತ್ತಾನೆ. ಕೋಡ್ ಒಳಗೇ ಡಾಕ್ಯುಮೆಂಟೇಶನ್! ನಮ್ಮ ಎಷ್ಟು ಪ್ರಾಜೆಕ್ಟ್‌ಗಳಲ್ಲಿ ಇದಿದೆ ಹೇಳಿ.

ರಿಚರ್ಡ್ ಓಬ್ರಿಯನ್ ಬರೆದ 'ದಿ ರಾಕಿ ಹಾರರ್ ಶೋ' 1973ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನ ಮಹಡಿಯ ಪುಟ್ಟ ರಂಗದಲ್ಲಿ ಶುರುವಾಯ್ತು. 1975ರ ಸಿನಿಮಾ ಮೊದಲು ಮಕಾಡೆ ಮಲಗಿತು. ಮರುವರ್ಷ ನ್ಯೂಯಾರ್ಕಿನ ವೇವರ್ಲಿ ಥಿಯೇಟರಿನಲ್ಲಿ ಮಧ್ಯರಾತ್ರಿ ಆಟ ಹಾಕಿದರು ನೋಡಿ, ಅಲ್ಲಿಂದ ಕಥೆಯೇ ಬದಲಾಯ್ತು. ಜನ ಪರದೆಗೆ ಎದುರುತ್ತರ ಕೊಟ್ಟರು, ಮದುವೆ ದೃಶ್ಯಕ್ಕೆ ಅಕ್ಕಿ ಎರಚಿದರು, ಈ ಹಾಡಿಗೆ ಎದ್ದು ಕುಣಿದರು. ಹಗಲಿನಲ್ಲಿ ಎಲ್ಲೂ ಹೊಂದಿಕೊಳ್ಳದ ಎಷ್ಟೋ ಮಂದಿಗೆ, ಅದರಲ್ಲೂ ಸಲಿಂಗಿಗಳಿಗೆ, ಅದೊಂದು ಜಾಗವಾಯ್ತು.

ಬಂಡಾಯದ ಸಿನಿಮಾ ಅಂತೀರಿ, ಎಲ್ಲರೂ ಹೇಳಿದ ಹಾಗೆ ಒಂದೇ ಹೆಜ್ಜೆ ಹಾಕ್ತಾರಲ್ಲ, ಇದೆಂಥ ಸ್ವಾತಂತ್ರ್ಯ ಅಂತ ಕೇಳಬಹುದು. ನನಗೆ ಈ ವಾದ ಹಿಡಿಸೋದಿಲ್ಲ. "ನಿಮಗಿಷ್ಟ ಬಂದ ಹಾಗೆ ಕುಣೀರಿ" ಅನ್ನೋದು ಕುಣಿತ ಬಲ್ಲವರಿಗೆ ಮಾತ್ರ ಸ್ವಾತಂತ್ರ್ಯ. ಹಳ್ಳಿಯಿಂದ ಬಂದು ಆಫೀಸ್ ಪಾರ್ಟಿಯಲ್ಲಿ ಜ್ಯೂಸ್ ಲೋಟ ಹಿಡಿದು ಗೋಡೆಗೆ ಆತುಕೊಂಡು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರಿಗೂ ಒಂದೇ ಸೂಚನೆ ಸಿಕ್ಕರೆ ಬರದವನೂ ಒಳಗೆ ಬರಬಹುದು.

ಆದರೆ ಬೇಡ ಅನ್ನುವವನ ಗತಿ?

ಕಾರು ಕೆಟ್ಟು, ಮಳೆಯಲ್ಲಿ ನೆನೆದು, ಆ ಕೋಟೆಯಂಥ ಮನೆಗೆ ಬಂದ ಬ್ರ್ಯಾಡ್ ಮತ್ತು ಜಾನೆಟ್ ಈ ಕುಣಿತ ನೋಡಿ ಕಂಗಾಲಾಗುತ್ತಾರೆ. ಆಗ ಬ್ರ್ಯಾಡ್ ಕೇಳೋದು, ನಿಮಗ್ಯಾರಿಗಾದ್ರೂ ಮ್ಯಾಡಿಸನ್ ಕುಣಿಯೋಕೆ ಬರುತ್ತಾ ಅಂತ. ಮ್ಯಾಡಿಸನ್ ಕೂಡ ಅಮೆರಿಕದಲ್ಲಿ ಒಬ್ಬ ಕೂಗಿ ಹೇಳಿದಂತೆ ಉಳಿದವರು ಸಾಲಾಗಿ ಹೆಜ್ಜೆ ಹಾಕುತ್ತಿದ್ದ ಕುಣಿತವೇ! ಹೇಳಿದಂತೆ ಕುಣಿಯೋದು ಅವನಿಗೆ ಹೊಸದಲ್ಲ, ಹೇಳುವವರು ಹೊಸಬರು ಅಷ್ಟೆ. ಕೊನೆಗೆ ಆ ಮನೆಯ ಯಜಮಾನ ಫ್ರಾಂಕ್ ಇವರನ್ನು ಕಲ್ಲಾಗಿಸಿ, ಮತ್ತೆ ಜೀವ ಕೊಟ್ಟು, ತಾನು ಹಾಕಿಸಿದ ಉಡುಪಿನಲ್ಲಿ ಕುಣಿಸುತ್ತಾನೆ. ಅಲ್ಲಿ ಚಾರ್ಟಿಲ್ಲ, ಕಲಿಸುವವರಿಲ್ಲ, ಬಾಗಿಲ ಬಳಿ ನಿಂತು ನೋಡುವ ಅವಕಾಶವೂ ಇಲ್ಲ. ಒಂದೇ ಸಿನಿಮಾದ ಈ ಎರಡು ಕುಣಿತಗಳನ್ನು ಒಂದೇ ಅನ್ನೋಕೆ ನನ್ನಿಂದಾಗದು.

ಥಿಯೇಟರಿನೊಳಗಿನ ಜನರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಮೊದಲ ಸಲ ಬಂದವರಿಗೆ ಅಲ್ಲಿ 'ವರ್ಜಿನ್' ಅಂತಾರೆ. ಎಷ್ಟೋ ಕಡೆ ಹಣೆ ಮೇಲೆ ಲಿಪ್‌ಸ್ಟಿಕ್‌ನಲ್ಲಿ 'ವಿ' ಬರೆದು ವೇದಿಕೆಗೆ ಕರೆದು ತಮಾಷೆ ಮಾಡುತ್ತಾರೆ. ಹೊರಗೆ ಹಣೆಪಟ್ಟಿ ಹಚ್ಚಿಸಿಕೊಂಡವರೇ ಒಳಗೆ ಹೊಸಬರಿಗೆ ಹಚ್ಚೋದು! ಬಹಳ ಜನ ನಗುನಗುತ್ತಲೇ ಹಣೆ ಒಡ್ಡುತ್ತಾರೆ, ಅದು ಸರಿ. ಒಬ್ಬಳು ಕರ್ಚೀಫ್ ತೆಗೆದು ಒರೆಸಿಕೊಂಡು, ನಾನು ಸುಮ್ಮನೆ ಕೂತು ನೋಡ್ತೀನಿ ಅಂದರೆ ಪಕ್ಕದ ಸೀಟಿನವರು ಏನು ಮಾಡ್ತಾರೆ ಅನ್ನೋದೇ ನನಗೆ ಮುಖ್ಯ.