ಎಣಿಸಿದ ಹೆಜ್ಜೆ, ದುಡಿದ ಹೆಜ್ಜೆ

ಕಾಯವಿಲ್ಲದೆ ಕಾಯಕವಿಲ್ಲ. ದೇಹವು ನಶ್ವರವೆಂದು ಅದನ್ನು ಕಡೆಗಣಿಸುವುದೂ ದೋಷವೇ, ತನ್ನದೆಂದು ಅತಿಯಾಗಿ ಲಾಲಿಸುವುದೂ ದೋಷವೇ. ನೇಗಿಲನ್ನು ಪೂಜಿಸಿ ಮೂಲೆಯಲ್ಲಿರಿಸಿದರೆ ಹೊಲವು ಬಿತ್ತನೆಯಾಗದು. ಅದರ ಕುಳವನ್ನು ತುಕ್ಕಿಗೆ ಒಪ್ಪಿಸಿದರೂ ಉಳುಮೆ ಸಾಗದು. ದೇಹದ ವಿಷಯವೂ ಇಂತೆಯೇ ಸರಿ.

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಹಿಂದಿನ ಗೃಹಸ್ಥನು ಹೊಲಕ್ಕೂ ಸಂತೆಗೂ ಜಾತ್ರೆಗೂ ನಡೆದೇ ಹೋಗುತ್ತಿದ್ದನು. ಇಂದು ಹೊಲದ ಬದುವಿನವರೆಗೆ ಮೋಟಾರ್ ಸೈಕಲ್ಲು ಹೋಗುತ್ತದೆ. ಗುಂಡಿಯೊತ್ತಿದರೆ ಪಂಪು ನೀರೆತ್ತುತ್ತದೆ. ಸೌಕರ್ಯವು ಬಂದುದು ಸಂತೋಷವೇ. ಆದರೆ ಅದರ ಬೆನ್ನಿಗೆ ವ್ಯಾಧಿಯೂ ಬಂದಿತು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ರೋಗವಿರುವುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟಾದರೂ ಬಿರುಸು ನಡಿಗೆಯಂತಹ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. ಆದುದರಿಂದಲೇ ಇಂದು ಅನೇಕ ಗೃಹಸ್ಥರ ಮಣಿಕಟ್ಟಿನಲ್ಲಿ ಸ್ಮಾರ್ಟ್ ವಾಚ್, ಫಿಟ್‌ನೆಸ್ ಬ್ಯಾಂಡ್ ಎಂಬ ಹೆಜ್ಜೆಯೆಣಿಸುವ ಪಟ್ಟಿಗಳು ಕಾಣಬರುತ್ತವೆ.

ಈ ಯಂತ್ರದ ಮರ್ಮವು ಸರಳವಾದುದು. ಕೈಯ ಚಲನೆಯ ಏರಿಳಿತವನ್ನು ಅದರೊಳಗಿನ ಸೂಕ್ಷ್ಮ ಉಪಕರಣವು ಗ್ರಹಿಸಿ, ಹೆಜ್ಜೆಯ ಲಯಕ್ಕೆ ಹೊಂದುವುದನ್ನು ಹೆಜ್ಜೆಯೆಂದು ಎಣಿಸುತ್ತದೆ. ಚರ್ಮದ ಮೇಲೆ ಹಸಿರು ಬೆಳಕನ್ನು ಬೀರಿ ನಾಡಿಯ ಬಡಿತವನ್ನು ಅಳೆಯುತ್ತದೆ. ದಿನಕ್ಕೆ 10,000 ಹೆಜ್ಜೆಗಳೆಂಬ ಪ್ರಸಿದ್ಧ ಸಂಖ್ಯೆಯ ಮೂಲವು ಜಪಾನ್ ದೇಶದಲ್ಲಿದೆ. 1964ರ ಟೋಕಿಯೊ ಒಲಿಂಪಿಕ್ ಕ್ರೀಡೆಗಳ ಮರುವರ್ಷ ಅಲ್ಲಿಯ ಕಂಪನಿಯೊಂದು ಹೆಜ್ಜೆಯೆಣಿಸುವ ಉಪಕರಣವನ್ನು ಮಾರಾಟಕ್ಕೆ ತಂದು, ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ವೆಂಬ ಅರ್ಥದ ಹೆಸರನ್ನಿಟ್ಟಿತು. ವೈದ್ಯರ ವಿಧಿಯಂತೆ ಜನರು ನಂಬುವ ಸಂಖ್ಯೆಯು ಹೀಗೆ ಅಂಗಡಿಯ ಹೆಸರಿನಿಂದ ಹರಡಿದುದು. ಅಮೆರಿಕಾದ ವೃದ್ಧ ಸ್ತ್ರೀಯರನ್ನು ಕುರಿತು 2019ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿಯೇ ಮರಣದ ಪ್ರಮಾಣವು ಕಡಿಮೆಯಿದ್ದಿತು. ಸುಮಾರು 7,500ರ ಅನಂತರ ಹೆಚ್ಚಿನ ಲಾಭವು ಕಂಡುಬರಲಿಲ್ಲ.

ಹಾಗಾದರೆ ಎಣಿಕೆಯು ವ್ಯರ್ಥವೆ? ಎಂದಿಗೂ ಅಲ್ಲ. ಮನಸ್ಸು ತನ್ನ ಆಲಸ್ಯವನ್ನು ತಾನೇ ಮರೆಮಾಚುವುದರಲ್ಲಿ ನಿಪುಣವಾದುದು. ‘ಇಂದು ಬಹಳ ನಡೆದೆನು’ ಎನ್ನುವವನಿಗೆ ‘ನಡೆದುದು ಇಷ್ಟೇ’ ಎಂದು ನಿರ್ದಾಕ್ಷಿಣ್ಯವಾಗಿ ಹೇಳುವ ಸಾಕ್ಷಿಯೊಂದು ಕೈಯಲ್ಲಿದ್ದರೆ ಒಳ್ಳೆಯದೇ. ಆದರೆ ಸಾಕ್ಷಿಯನ್ನು ಒಡೆಯನೆಂದು ತಿಳಿಯುವಲ್ಲಿ ದೋಷವು ಹುಟ್ಟುತ್ತದೆ. ಮಂಚದ ಮೇಲೆ ಕುಳಿತು ಕೈಯನ್ನು ಬೀಸಿ ಸಂಖ್ಯೆಯನ್ನು ಏರಿಸುವವನು ಯಾರನ್ನು ವಂಚಿಸಿದಂತಾಯಿತು? ಯಂತ್ರಕ್ಕೆ ನಷ್ಟವಿಲ್ಲ, ನೆರೆಯವನಿಗೂ ಇಲ್ಲ.

ಇದಕ್ಕಿಂತ ಗಹನವಾದ ಪ್ರಶ್ನೆಯೊಂದುಂಟು. ಉಗಾರದ ಸಕ್ಕರೆ ಕಾರ್ಖಾನೆಯಂತಹ ಕಾರ್ಖಾನೆಗಳಿಗೆ ಕಬ್ಬು ಸಾಗುವ ಚಳಿಗಾಲದಲ್ಲಿ, ಕಟಾವಿನ ಗ್ಯಾಂಗಿನ ಹೆಣ್ಣುಮಗಳು ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು, ಎತ್ತಿದ ಕೈಯಿಂದ ಅದನ್ನು ಹಿಡಿದು, ಲಾರಿಯವರೆಗೆ ನಡೆಯುತ್ತಾಳೆ. ಅವಳ ಮಣಿಕಟ್ಟಿಗೆ ಈ ಪಟ್ಟಿಯನ್ನು ಕಟ್ಟಿದರೆ, ಕೈಯು ಬೀಸಾಡದ ಕಾರಣ ಅದು ಅವಳ ಹೆಜ್ಜೆಗಳಲ್ಲಿ ಎಷ್ಟನ್ನೋ ಕಾಣದೆ ಹೋಗಬಹುದು. ನಿಪ್ಪಾಣಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟು ದಿನವೆಲ್ಲ ಬೀಡಿ ಕಟ್ಟುವ ತಾಯಿಯ ಪಾಲಿಗೂ ಅದು ‘ಈಕೆ ನಡೆಯಲಿಲ್ಲ’ ಎಂದಷ್ಟೇ ನುಡಿಯುವುದು. ಅವಳಿಗೆ ಬೇರೊಂದು ಎಣಿಕೆಯುಂಟು: ಸಾವಿರ ಬೀಡಿಗೆ ಇಷ್ಟು ಕೂಲಿ. ಕಟ್ಟಿದ ಬೀಡಿಗಳಲ್ಲಿ ಕೆಲವನ್ನು ಸರಿಯಿಲ್ಲವೆಂದು ತೆಗೆದುಹಾಕಿದರೆ, ಅವಳ ಶ್ರಮವು ದೇಹದಲ್ಲಿ ಉಳಿದು ಲೆಕ್ಕದಲ್ಲಿ ಅಳಿದುಹೋಗುತ್ತದೆ. ಯಂತ್ರವು ಚಲನೆಯನ್ನು ಕಾಣುತ್ತದೆ, ಬೆವರನ್ನು ಕಾಣದು. ಬೆವರನ್ನು ಕಾಣಬೇಕಾದವನು ಮನುಷ್ಯನೇ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವು ದಾರಿದೀಪವಾಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಕೆಯ ಪತಿ ಮಾರಯ್ಯನು ನೆಲದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುತ್ತಿದ್ದನು. ಒಮ್ಮೆ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಹಿಗ್ಗಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಚೆಲ್ಲಿ ಬರುವಂತೆ ಹೇಳಿದಳು. ಆಕೆಗೂ ಅಳತೆಯಿದ್ದಿತು, ಆದರೆ ಆ ಅಳತೆಯು ಅವಶ್ಯಕತೆಯ ಅಂಚಿನಲ್ಲಿ ನಿಲ್ಲುವಂತಹುದು. ಇಂದಿನ ಎಣಿಕೆಗೆ ಇಲ್ಲದ ಗುಣವು ಇದೇ. ನಿನ್ನೆ 8,000 ಆದರೆ ಇಂದು 10,000, ನೆರೆಯವನದು 12,000 ಆದರೆ ತನ್ನದು 15,000 ಎಂದು ಹೆಚ್ಚುತ್ತಲೇ ಹೋಗುವ ಹೆಜ್ಜೆಯಲ್ಲಿ ಆರೋಗ್ಯದ ಚಿಂತೆ ಕಡಿಮೆ, ಆಸೆಯ ಓಟವೇ ಹೆಚ್ಚು. ಆಸೆಯು ಹಣದ ರೂಪದಲ್ಲಿ ಮಾತ್ರ ಬರುವುದೆಂದು ತಿಳಿಯಬಾರದು. ಸಂಖ್ಯೆಯ ರೂಪದಲ್ಲಿಯೂ ಬರುತ್ತದೆ.

ಆರೋಗ್ಯಕ್ಕಾಗಿ ನಡೆಯುವುದು ಕಾಯಕವೆ ಎಂದು ಕೇಳಿದರೆ, ಅದು ಕಾಯಕದ ಸಾಧನವನ್ನು ಸಾಣೆ ಹಿಡಿಯುವ ಕೆಲಸವೆನ್ನಬೇಕು. ಕುಡುಗೋಲಿಗೆ ಸಾಣೆ ಬೇಕು. ಆದರೆ ದಿನವೆಲ್ಲ ಸಾಣೆ ಹಿಡಿದು ಹೊಲಕ್ಕೆ ಹೋಗದವನನ್ನು ಒಕ್ಕಲಿಗನೆಂದು ಯಾರೂ ಕರೆಯರು. ನಡಿಗೆಯಿಂದ ಗಟ್ಟಿಯಾದ ಕಾಲುಗಳು ಹೊಲದ ಬದುವಿಗೂ, ಹಾಸಿಗೆ ಹಿಡಿದ ನೆರೆಯವನ ಮನೆಗೂ, ದಾಸೋಹದ ಪಂಕ್ತಿಗೂ ಹೋದಾಗಲೇ ಆ ಹೆಜ್ಜೆಗಳು ಸಾರ್ಥಕವಾಗುವುವು.

ಗೃಹಸ್ಥನು ಕೈಪಟ್ಟಿಯನ್ನು ಕಟ್ಟಲಿ, ನಿತ್ಯವೂ ನಡೆಯಲಿ, ದೇಹಕ್ಕೆ ಸಾಕಾದಷ್ಟಾದ ಬಳಿಕ ಎಣಿಕೆಯನ್ನು ಮರೆಯಲಿ. ತನ್ನ ಒಂದು ಹೆಜ್ಜೆಯೂ ಲೆಕ್ಕದಿಂದ ತಪ್ಪಬಾರದೆಂದು ಎಚ್ಚರವಹಿಸುವವನು, ತನ್ನ ಹೊಲದಲ್ಲಿ ದುಡಿದವರ ಒಂದು ದಿನದ ಕೂಲಿಯೂ ಲೆಕ್ಕದಿಂದ ತಪ್ಪದಂತೆ ಅಷ್ಟೇ ಎಚ್ಚರವಹಿಸಲಿ. ಒಂದು ಲೆಕ್ಕದಲ್ಲಿ ನಿಷ್ಠುರನಾಗಿದ್ದು ಇನ್ನೊಂದರಲ್ಲಿ ಮರೆಗುಳಿಯಾದವನು ಎಷ್ಟು ನಡೆದರೂ ನಿಂತಲ್ಲಿಯೇ ನಿಂತಿರುವನು.