ಹಿತ್ತಲ ಬಾಗಿಲು

ಊರಲ್ಲಿ ಯಾರಾದರೂ "ಏನಪ್ಪಾ ಕೆಲಸ ನಿಂದು?" ಅಂತ ಕೇಳಿದರೆ "ಕಂಪ್ಯೂಟರ್" ಅಂದು ಸುಮ್ಮನಾಗುತ್ತೇನೆ. ಬಿಡಿಸಿ ಹೇಳಿದರೆ ಕಳ್ಳತನದ ವಾಸನೆ ಬರುತ್ತೆ. ಕಂಪನಿಯವರು ದುಡ್ಡು ಕೊಟ್ಟು, ಪತ್ರ ಬರೆದುಕೊಟ್ಟು, ನಮ್ಮ ವೆಬ್‌ಸೈಟಿಗೆ ನುಗ್ಗೋಕೆ ಎಲ್ಲೆಲ್ಲಿ ದಾರಿ ಇದೆ ನೋಡಿ ಅನ್ನುತ್ತಾರೆ. ನಾವು ನೋಡಿ ಹೇಳುತ್ತೇವೆ. ಆ ಪತ್ರ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ಕೈಹಾಕಿದರೆ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್. ವಂಚನೆಯ ಉದ್ದೇಶವೂ ಇತ್ತು ಅಂತಾದರೆ 66ನೇ ಸೆಕ್ಷನ್, 3 ವರ್ಷದವರೆಗೆ ಜೈಲು. ಮಾಡುವ ಕೆಲಸ ಎರಡು ಕಡೆಯೂ ಒಂದೇ, ನಡುವೆ ಇರೋದು ಒಂದು ಹಾಳೆ.

ಮೊದಲ ಕೆಲಸ ಅಡಗಿರೋದನ್ನ ಹುಡುಕೋದು. ಅಡ್ಮಿನ್, ಬ್ಯಾಕಪ್, ಟೆಸ್ಟ್, ಓಲ್ಡ್ ಅಂತ ಸಾವಿರಾರು ಪದಗಳ ಪಟ್ಟಿ ಇಟ್ಟುಕೊಂಡು ಒಂದೊಂದನ್ನೇ ವಿಳಾಸದ ಮುಂದೆ ಹಚ್ಚಿ ನೋಡುತ್ತೇವೆ. 404 ಬಂದರೆ ಅಲ್ಲೇನೂ ಇಲ್ಲ. 200 ಬಂದರೆ ಬನ್ನಿ ಅಂದಹಾಗೆ. 403 ಬಂದರೆ ಮಜಾ: ಇದೆ, ಆದರೆ ನಿನಗಲ್ಲ. ಇನ್ನು ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಅಂತ ಒಂದು ಕಡತ ಇರುತ್ತೆ, 1994ರಿಂದ ಬಳಕೆಯಲ್ಲಿದೆ. ಸರ್ಚ್ ಎಂಜಿನ್‌ಗಳಿಗೆ "ಈ ಕಡೆ ಬರಬೇಡಿ" ಅಂತ ಹೇಳೋಕೆ ಇರೋದು. ಅದನ್ನ ಯಾರು ಬೇಕಾದರೂ ಓದಬಹುದು. ಒಡವೆ ಎಲ್ಲಿಟ್ಟಿದ್ದೀವಿ ಅಂತ ಬಾಗಿಲ ಮೇಲೇ ಚೀಟಿ ಅಂಟಿಸಿ ಹೋಗುವವರು ಎಷ್ಟು ಜನ ಅಂತೀರಿ!

ಸಬ್‌ಡೊಮೇನ್ ಹುಡುಕೋಕೆ ಇಷ್ಟು ಕಷ್ಟವೂ ಬೇಡ. ವೆಬ್‌ಸೈಟಿಗೆ ಸರ್ಟಿಫಿಕೇಟ್ ಕೊಟ್ಟಾಗ ಆ ಹೆಸರು ಒಂದು ಸಾರ್ವಜನಿಕ ದಾಖಲೆಗೆ ಸೇರುತ್ತದೆ. 2018ರಲ್ಲಿ ಕ್ರೋಮ್ ಹೊಸ ಸರ್ಟಿಫಿಕೇಟ್‌ಗಳಿಗೆಲ್ಲ ಇದನ್ನ ಕಡ್ಡಾಯ ಮಾಡಿತು. ಕದ್ದು ಸರ್ಟಿಫಿಕೇಟ್ ಮಾಡಿಸುವವರನ್ನ ಹಿಡಿಯೋಕೆ ಮಾಡಿದ ಏರ್ಪಾಡು ಅದು. ಮರೆತುಹೋದ ಹಳೇ ಸೈಟುಗಳ ಹೆಸರನ್ನೂ ಅದು ಮರೆಯೋದಿಲ್ಲ.

ಹಾಗೆ ಸಿಕ್ಕಿದ್ದೇ ಆ ಹೆಸರು. ಒಂದು ಆಸ್ಪತ್ರೆಯ ಕೆಲಸ. ಪತ್ರದಲ್ಲಿ ಎರಡೇ ವಿಳಾಸ ಇದ್ದವು, ದಾಖಲೆಯಲ್ಲಿ ಮೂರನೆಯದು ಕಂಡಿತು. ಹೆಸರು ಕಂಡಿದ್ದು ತಪ್ಪಲ್ಲ. ಅದನ್ನ ಬರೆದು ಅವರಿಗೆ ಕಳಿಸಿ "ಇದನ್ನೂ ನೋಡಬಹುದಾ?" ಅಂತ ಕೇಳಬೇಕಿತ್ತು. ನಾನು ಬ್ರೌಸರಿಗೆ ಹಾಕಿ ಎಂಟರ್ ಒತ್ತಿದೆ. ಪಾಸ್‌ವರ್ಡ್ ಇಲ್ಲ, ಏನಿಲ್ಲ. ಲ್ಯಾಬ್ ರಿಪೋರ್ಟ್‌ಗಳ ಉದ್ದ ಪಟ್ಟಿ. ಕಡತದ ಹೆಸರಿನಲ್ಲೇ ರೋಗಿಯ ಹೆಸರು, ತಾರೀಖು.

ಅಷ್ಟೇ ಸಾಕಿತ್ತು. ಪಟ್ಟಿಯೇ ಪುರಾವೆ. ಆದರೆ ಅದರಲ್ಲಿ ಒಂದು ಹೆಸರು ನಮ್ಮೂರಿನ ಮಾವನೊಬ್ಬರದ್ದು. ಹಿಂದೆ ಊರ ಹೆಸರೂ ಸೇರಿತ್ತು. ತೆರೆದೆ. "ಕಡತ ನಿಜವಾಗಿ ತೆರೆಯುತ್ತಾ ಅಂತ ಖಚಿತ ಮಾಡ್ಕೋಬೇಕಲ್ಲ" ಅಂತ ನನಗೆ ನಾನೇ ಹೇಳಿಕೊಂಡೆ. ಖಚಿತ ಮಾಡಿಕೊಳ್ಳೋಕೆ ಆ ಒಂದೇ ಯಾಕೆ ಬೇಕಿತ್ತು?

ಚಿಕ್ಕವನಿದ್ದಾಗ ಅಜ್ಜಿ ಹೆಪ್ಪಿಗೆ ಮಜ್ಜಿಗೆ ತರೋಕೆ ಪಕ್ಕದ ಮನೆಗೆ ಕಳಿಸುತ್ತಿದ್ದರು. ಹಿತ್ತಲ ಬಾಗಿಲು ಯಾವಾಗಲೂ ತೆಗೆದೇ ಇರೋದು. "ಅತ್ತೇ, ಇದೀರಾ?" ಅಂತ ಕೂಗಿ, ಓ ಅಂದಮೇಲೆ ಒಳಗೆ ಹೋಗಬೇಕು. ಒಂದಿನ ಕೂಗದೆ ನುಗ್ಗಿದೆ. ಮಧ್ಯಾಹ್ನದ ಊಟಕ್ಕೆ ಅವರ ಮನೆಯವರೆಲ್ಲ ಬರೀ ಗಂಜಿ ಕುಡಿಯುತ್ತಾ ಕೂತಿದ್ದರು. ಬಂದು ಜಗುಲಿಯಲ್ಲಿ ಎಲ್ಲರೆದುರು ಹೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ. ಮಾರನೇ ದಿನದಿಂದ ಮಜ್ಜಿಗೆಗೆ ತಾವೇ ಹೋದರು, ನನ್ನನ್ನ ಕಳಿಸಲಿಲ್ಲ.

ಈ ವಿಷಯ ತಲೆಯಲ್ಲಿ ಕೂತಿದೆ. ಆಸ್ಪತ್ರೆಯವರು ಮೂರನೇ ವಿಳಾಸವನ್ನೂ ಪತ್ರದಲ್ಲಿ ಬರೆದಿದ್ದರು ಅಂತಲೇ ಇಟ್ಟುಕೊಳ್ಳಿ. ಆಗ ನಾನು ಕಾನೂನಿಗೆ ಸರಿ. ಆದರೆ ಮಾವನ ರಕ್ತದ ಲೆಕ್ಕ ನೋಡೋಕೆ ಆಸ್ಪತ್ರೆಯವರು ನನಗೆ ಹೇಗೆ ಒಪ್ಪಿಗೆ ಕೊಟ್ಟಾರು? ಕಂಪ್ಯೂಟರ್ ಅವರದು, ಗುಟ್ಟು ಅವರದಲ್ಲ. ಹಾಗಂತ ಎಲ್ಲ ರೋಗಿಗಳನ್ನ ಕೇಳಿಕೊಂಡು ಟೆಸ್ಟ್ ಮಾಡೋಕಾಗುತ್ತಾ? ಆಗಲ್ಲ. ಯಾರೂ ಹುಡುಕದೇ ಬಿಟ್ಟಿದ್ದರೆ ಆ ಪಟ್ಟಿ ಇವತ್ತಿಗೂ ಬಯಲಲ್ಲೇ ಬಿದ್ದಿರುತ್ತಿತ್ತು, ಅದೂ ನಿಜ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಎಲ್ಲಿ ನಿಲ್ಲಬೇಕು ಅಂತ ಪತ್ರ ಹೇಳೋದಿಲ್ಲ.

ರಿಪೋರ್ಟ್ ಬರೆಯುವಾಗ ನನ್ನ ಸೀನಿಯರ್, "ಒಂದು ಫೈಲ್ ಓಪನ್ ಮಾಡಿದ್ದು ಹಾಕ್ಬೇಡ ಮಾರಾಯ, ಸ್ಕೋಪ್ ಹೊರಗೆ ಯಾಕೆ ಹೋದ್ರಿ ಅಂತ ಹಿಡ್ಕೋತಾರೆ" ಅಂದರು. ಹಾಕಿದೆ. ಯಾವ ಕಡತ, ಎಷ್ಟು ಹೊತ್ತಿಗೆ, ಎಲ್ಲ. ಪ್ರತಿ ಉಳಿಸಿಕೊಂಡಿಲ್ಲ ಅಂತಲೂ ಬರೆದೆ. ಸಂಜೆಯೊಳಗೆ ಆ ಸೈಟ್ ಮುಚ್ಚಿತು. ಮೀಟಿಂಗ್‌ನಲ್ಲಿ ಚೆನ್ನಾಗಿ ಬೈಸಿಕೊಂಡೆ. ಯಾರ ಹೆಸರನ್ನ ಯಾಕೆ ಆರಿಸಿದೆ ಅನ್ನೋದನ್ನ ಮಾತ್ರ ಬರೆದಿರಲಿಲ್ಲ. ಅವರೂ ಕೇಳಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಮಾವ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕರು. ಮೊದಲಿಗಿಂತ ಇಳಿದುಹೋಗಿದ್ದಾರೆ. "ಆರೋಗ್ಯ ಹೇಗಿದೆ ಮಾವ?" ಅಂತ ಎಲ್ಲರನ್ನೂ ಕೇಳುವ ಮಾತು ಬಾಯಿಗೆ ಬಂತು, ನುಂಗಿಕೊಂಡೆ. "ಮಳೆ ಹೇಗಾಯ್ತು ಈ ಸಲ?" ಅಂದೆ. ಅವರು ಮಳೆಯ ವಿಷಯ ಹೇಳುತ್ತಾ ಮನೆಯವರೆಗೂ ಜೊತೆಗೆ ಬಂದರು.